ಸಾಮಾನ್ಯ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಗು: ತರಗತಿ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ಮೊದಲ ವಾರದಲ್ಲಿ ಹಾಜರಿ ಪುಸ್ತಕದ ಹೆಸರುಗಳನ್ನು ಕೂಗುವಾಗಲೇ ಅನುಭವಿ ಶಿಕ್ಷಕರಿಗೆ ಒಂದಿಬ್ಬರು ಮಕ್ಕಳ ಮೇಲೆ ಗಮನ ಹೋಗಿರುತ್ತದೆ. ಹೆಸರು ಕೂಗಿದರೆ ಒಬ್ಬಳು ಪಕ್ಕದವಳ ಮುಖ ನೋಡಿ ಆಮೇಲೆ ಎದ್ದು ನಿಲ್ಲುತ್ತಾಳೆ. ಮೂರನೆಯ ತರಗತಿಗೆ ಬಂದಿರುವ ಇನ್ನೊಬ್ಬ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾನೆ, ಆದರೆ ಅದೇ ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಓದಲಾರ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂತಹ ಮಕ್ಕಳ ಜೊತೆ ದಿನಕ್ಕೆ ಐದಾರು ಗಂಟೆ ಕಳೆಯುವ ತರಗತಿ ಶಿಕ್ಷಕರಿಗಾಗಿ ಈ ಬರಹವಿದೆ. ಪೋಷಕರೂ ಇದನ್ನು ಓದಿಕೊಂಡರೆ ಶಾಲೆಯಿಂದ ಏನನ್ನು ಕೇಳಬಹುದೆಂಬುದು ಅವರಿಗೆ ತಿಳಿಯುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವೈದ್ಯಕೀಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಕಲಿಸುವ ಕ್ರಮವನ್ನು ಬದಲಿಸೋಣ ಎಂದು ಕಾಯುವುದರಲ್ಲಿಯೇ ಎಷ್ಟೋ ಮಕ್ಕಳ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಪ್ರಮಾಣಪತ್ರವು ಸೌಲಭ್ಯಗಳಿಗೆ ಬೇಕು, ಪರೀಕ್ಷೆಯ ರಿಯಾಯಿತಿಗೆ ಬೇಕು. ಆದರೆ ಮಗುವನ್ನು ಮುಂದಿನ ಸಾಲಿಗೆ ಕರೆದು ಕೂರಿಸುವುದಕ್ಕೂ, ಪ್ರಶ್ನೆಯನ್ನು ಎರಡು ಸಲ ಹೇಳುವುದಕ್ಕೂ ಯಾರ ಸಹಿಯೂ ಬೇಡ. ಮುಂದಿನ ಹೆಜ್ಜೆಗಳನ್ನೆಲ್ಲ ಈ ನಂಬಿಕೆಯ ಮೇಲೆಯೇ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ದಾಖಲಾತಿಯ ಬಾಗಿಲಲ್ಲಿ

“ಇವನಿಗೆ ವಿಶೇಷ ಶಾಲೆಯೇ ಸರಿ, ನಮ್ಮಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ” ಎಂದು ಹೇಳಿ ಮಗುವನ್ನು ಹಿಂದೆ ಕಳಿಸುವ ಅಧಿಕಾರ ಯಾವ ಸಾಮಾನ್ಯ ಶಾಲೆಗೂ ಇಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಗೆ 2012ರ ತಿದ್ದುಪಡಿಯು ಅಂಗವಿಕಲ ಮಕ್ಕಳನ್ನು ಸ್ಪಷ್ಟವಾಗಿ ಸೇರಿಸಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಹಿಂದೆ 1995ರ ಕಾಯ್ದೆಯಲ್ಲಿ ಏಳು ಮಾತ್ರ ಇದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹೆಚ್ಚಿಸಿತು. ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದರೂ ಓದು, ಬರಹ, ಲೆಕ್ಕ ಕಷ್ಟವಾಗುವುದು), ಆಟಿಸಂ, ವಾಕ್ ಮತ್ತು ಭಾಷಾ ತೊಂದರೆ, ಸಿಕಲ್ ಸೆಲ್ ರಕ್ತಹೀನತೆ ಮುಂತಾದವು ಈಗ ಅದರೊಳಗಿವೆ. ಆ ಅಧಿನಿಯಮದ 16ನೆಯ ಕಲಮು ತಾರತಮ್ಯವಿಲ್ಲದೆ ದಾಖಲಿಸಿಕೊಳ್ಳಬೇಕೆಂದೂ, ಕಟ್ಟಡ ಮತ್ತು ಆವರಣ ಮಗುವಿಗೆ ತಲುಪುವಂತಿರಬೇಕೆಂದೂ, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದೂ ಶಾಲೆಗಳಿಗೆ ವಿಧಿಸುತ್ತದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 31ನೆಯ ಕಲಮು ಕೊಡುತ್ತದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಮಗುವಿನ ಕುಟುಂಬದ್ದೇ.

ದಾಖಲಾತಿಯ ದಿನವೇ ಎರಡು ಕೆಲಸ ಮುಗಿಸಿಕೊಳ್ಳಿ. ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್.ಎ.ಟಿ.ಎಸ್. ತಂತ್ರಾಂಶದಲ್ಲಿ ವಿಶೇಷ ಅಗತ್ಯದ ವಿವರವನ್ನು ಸರಿಯಾಗಿ ತುಂಬಿಸಿ. ಅಲ್ಲಿ ನಮೂದಾಗದ ಮಗು ಸಾಧನ ಸಲಕರಣೆ, ಭತ್ಯೆ, ಶಿಬಿರ ಯಾವುದರ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಎರಡನೆಯದಾಗಿ, ಮಗು ಗೇಟಿನಿಂದ ತರಗತಿಗೆ, ತರಗತಿಯಿಂದ ಶೌಚಾಲಯಕ್ಕೆ ಮತ್ತು ನೀರಿನ ನಲ್ಲಿಗೆ ಹೋಗುವ ದಾರಿಯನ್ನು ಒಮ್ಮೆ ಅದರ ಜೊತೆಯಲ್ಲಿಯೇ ನಡೆದು ನೋಡಿ. ಇಳಿಜಾರು ಪಥವಿದ್ದರೂ ಅದು ಏರಲಾಗದಷ್ಟು ಕಡಿದಾಗಿರುವ ಶಾಲೆಗಳುಂಟು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಎರಡೂ ಬದಿಗೆ ಹಿಡಿಕೆ ಇರಬೇಕು. ಕೊರತೆಯಿದ್ದರೆ ಅದನ್ನು ಮುಂದಿನ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ. ತರಗತಿಯನ್ನು ಮೇಲಿನ ಮಹಡಿಯಿಂದ ಕೆಳಗಿನ ಕೋಣೆಗೆ ಬದಲಿಸುವುದು ಮುಖ್ಯ ಶಿಕ್ಷಕರ ಒಂದು ದಿನದ ಕೆಲಸ. ಅದಕ್ಕೆ ಅನುದಾನವೇನೂ ಬೇಡ.

ಎರಡನೆಯ ಹೆಜ್ಜೆ: ಎರಡು ವಾರ ಗಮನಿಸಿ, ಕಂಡದ್ದನ್ನು ಬರೆದಿಡಿ

ಒಂದು ಸಾಧಾರಣ ನೋಟ್‌ಬುಕ್ ತೆಗೆದುಕೊಂಡು ದಿನಕ್ಕೆ ಎರಡು ಮೂರು ಸಾಲಿನಂತೆ ಎರಡು ವಾರ ಬರೆಯಿರಿ. ಬರೆಯುವಾಗ ತೀರ್ಪು ಬೇಡ, ಕಂಡದ್ದು ಮಾತ್ರ ಇರಲಿ. “ಗಮನವಿಲ್ಲ, ಸೋಮಾರಿ” ಎಂದು ಬರೆದರೆ ಮುಂದೆ ಅದರಿಂದ ಯಾರಿಗೂ ಏನೂ ತಿಳಿಯದು. “ಕಪ್ಪು ಹಲಗೆಯಿಂದ ಐದು ಸಾಲು ನಕಲು ಮಾಡಲು 25 ನಿಮಿಷ ಹಿಡಿಯಿತು, ಎರಡು ಸಾಲು ಬಿಟ್ಟುಹೋಗಿದ್ದವು, ಅದೇ ಸಾಲುಗಳನ್ನು ಪುಸ್ತಕ ನೋಡಿ ಹತ್ತು ನಿಮಿಷದಲ್ಲಿ ಬರೆದ” ಎಂದು ಬರೆದಿದ್ದರೆ, ದೂರದ ದೃಷ್ಟಿಯನ್ನು ಪರೀಕ್ಷಿಸಬೇಕೆಂಬ ಸುಳಿವು ಅದರಲ್ಲಿಯೇ ಇದೆ. ಯಾವ ಹೊತ್ತಿನಲ್ಲಿ, ಯಾವ ವಿಷಯದಲ್ಲಿ, ಯಾರ ಪಕ್ಕ ಕೂತಾಗ ಮಗು ಚೆನ್ನಾಗಿ ತೊಡಗಿಕೊಳ್ಳುತ್ತದೆ ಎಂಬುದನ್ನೂ ಬರೆಯಿರಿ. ಮುಂದೆ ಯೋಜನೆ ರೂಪಿಸುವಾಗ ಕೊರತೆಗಳ ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ವಿಶೇಷ ಅಗತ್ಯವೆಂದು ತಪ್ಪಾಗಿ ತಿಳಿಯುವ ಸಂಗತಿಗಳೂ ಇವೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಅಥವಾ ತೆಲುಗು ಆಡುವ ಮಗು ಒಂದನೆಯ ತರಗತಿಯಲ್ಲಿ ತಿಂಗಳುಗಟ್ಟಲೆ ಮೌನವಾಗಿರುವುದು ಸಹಜ. ಅದು ಹೊಸ ಭಾಷೆಯನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತಿರುತ್ತದೆ. ತಂದೆ ತಾಯಿಯ ಜೊತೆ ಗುಳೆ ಹೋಗಿ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವಿಗೆ ಬೇಕಾದದ್ದು ತಪ್ಪಿಹೋದ ಪಾಠಗಳು, ವೈದ್ಯಕೀಯ ತಪಾಸಣೆಯಲ್ಲ. ಮಂಡ್ಯ, ಮೈಸೂರು ಕಡೆಯ ಹಳ್ಳಿಯ ಮಗು ‘ಹಾವು’ ಎಂಬುದನ್ನು ‘ಆವು’ ಎಂದು ಓದಿದರೆ, ಮನೆಯಲ್ಲಿ ಕೇಳಿದ ಮಾತಿನಂತೆಯೇ ಓದುತ್ತಿದೆಯೆಂದು ತಿಳಿಯಬೇಕು. ಮಹಾಪ್ರಾಣಗಳನ್ನು ಬಿಟ್ಟು ಬರೆಯುವುದೂ ಹಾಗೆಯೇ. ಆಡುಮಾತಿನಲ್ಲಿ ಅಷ್ಟಾಗಿ ಕೇಳದ ಧ್ವನಿಗಳು ಬರಹಕ್ಕೆ ಬರಲು ತಡವಾಗುತ್ತದೆ. ಸಂಶಯವಿದ್ದರೆ ಮನೆಮಾತಿನಲ್ಲಿ ಒಂದು ಕಥೆ ಹೇಳಿಸಿ ನೋಡಿ. ತನ್ನ ಭಾಷೆಯಲ್ಲಿ ಕ್ರಮವಾಗಿ, ವಿವರವಾಗಿ ಕಥೆ ಹೇಳುವ ಮಗುವಿಗೆ ಭಾಷೆಯ ತೊಂದರೆ ಇರುವ ಸಂಭವ ಕಡಿಮೆ.

ಮೂರನೆಯ ಹೆಜ್ಜೆ: ಮೊದಲು ಕಣ್ಣು, ಕಿವಿ

ಬುದ್ಧಿಯ ಬಗ್ಗೆ ಯಾವುದೇ ಮಾತಾಡುವ ಮೊದಲು ದೃಷ್ಟಿ ಮತ್ತು ಶ್ರವಣದ ಪರೀಕ್ಷೆ ಆಗಲೇಬೇಕು. ‘ದಡ್ಡ’ ಎನಿಸಿಕೊಂಡ ಮಗುವಿಗೆ ಕನ್ನಡಕ ಸಿಕ್ಕ ಮೇಲೆ ಅಕ್ಷರಗಳು ತಾನಾಗಿ ಬಂದದ್ದನ್ನು ಕಂಡ ಶಿಕ್ಷಕರು ಪ್ರತಿ ತಾಲೂಕಿನಲ್ಲಿಯೂ ಇದ್ದಾರೆ. ಕಿವಿ ಸೋರುವ ಮಗುವಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರ ಶ್ರವಣ ಒಂದು ವಾರ ಚೆನ್ನಾಗಿದ್ದು ಮತ್ತೊಂದು ವಾರ ಮಂಕಾಗುತ್ತದೆ. ಶಿಕ್ಷಕರಿಗೆ ಮಾತ್ರ ಮಗು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎನಿಸುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ತಂಡ ಬರುವ ದಿನ ನಿಮ್ಮ ನೋಟ್‌ಬುಕ್ ಅವರ ಮುಂದಿರಲಿ. ನೂರಾರು ಮಕ್ಕಳನ್ನು ಒಂದೇ ದಿನ ನೋಡುವ ವೈದ್ಯರಿಗೆ ಯಾವ ಮಗುವನ್ನು ನಿಧಾನವಾಗಿ ನೋಡಬೇಕೆಂಬುದು ಅದರಿಂದ ತಿಳಿಯುತ್ತದೆ. ಹೆಚ್ಚಿನ ತಪಾಸಣೆಗೆ ಅವರು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು ಮತ್ತು ಶ್ರವಣದ ಸಂಕೀರ್ಣ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಳವಣಿಗೆ, ವರ್ತನೆ ಮತ್ತು ಕಲಿಕಾ ನ್ಯೂನತೆಯ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ನಾಲ್ಕನೆಯ ಹೆಜ್ಜೆ: ಮನೆಯವರೊಡನೆ ಮಾತು

ಈ ಮಾತುಕತೆ ಪೋಷಕರ ಸಭೆಯಲ್ಲಿ ಎಲ್ಲರೆದುರು ಖಂಡಿತ ಆಗಬಾರದು. ಸಾಧ್ಯವಾದರೆ ಮನೆಗೇ ಹೋಗಿ. ಅಜ್ಜಿ ತಾತ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ, ಏಕೆಂದರೆ ನಮ್ಮ ಬಹುಪಾಲು ಮನೆಗಳಲ್ಲಿ ನಿರ್ಧಾರ ಒಬ್ಬರದ್ದಾಗಿರುವುದಿಲ್ಲ. ಮಗುವಿನಿಂದ ಆಗುವ ಒಂದು ಕೆಲಸವನ್ನು ಹೇಳಿ ಮಾತು ಆರಂಭಿಸಿ: “ನಿಮ್ಮ ಮಗಳು ಹಾಡು ಒಮ್ಮೆ ಕೇಳಿದರೆ ಮರೆಯುವುದಿಲ್ಲಮ್ಮ. ಆದರೆ ನಾನು ಹಿಂದಿನಿಂದ ಕೂಗಿದರೆ ಅವಳು ತಿರುಗುವುದಿಲ್ಲ. ಮನೆಯಲ್ಲಿಯೂ ಹೀಗೆ ಆಗುತ್ತದೆಯೇ, ನೋಡಿದ್ದೀರಾ?” ಹೀಗೆ ಕೇಳಿದಾಗ ತಾಯಿ ತಾನು ಬಹಳ ದಿನದಿಂದ ಕಂಡು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳುತ್ತಾಳೆ. ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. “ಆಟಿಸಂ ಇರಬಹುದು” ಎಂದು ಶಿಕ್ಷಕರು ಊಹಿಸಿ ಆಡಿದ ಒಂದು ಮಾತಿನಿಂದ ಮನೆಯವರು ಬೆದರಿ, ಮಗುವನ್ನು ಶಾಲೆಯಿಂದಲೇ ಬಿಡಿಸಬಹುದು.

“ದೊಡ್ಡವನಾದ ಮೇಲೆ ಸರಿ ಹೋಗುತ್ತಾನೆ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು” ಎಂಬ ಉತ್ತರ ಬಂದರೆ ವಾದಕ್ಕೆ ನಿಲ್ಲಬೇಡಿ. ಒಂದು ಸಣ್ಣ ಕೋರಿಕೆ ಇಡಿ, ಕಿವಿ ಪರೀಕ್ಷೆಯೊಂದನ್ನು ಮಾಡಿಸೋಣ ಎಂದು. ತಪಾಸಣೆಗೆ ಹೋಗುವ ದಿನದ ಕೂಲಿ ತಪ್ಪುತ್ತದೆ, ಜಿಲ್ಲಾ ಕೇಂದ್ರಕ್ಕೆ ಬಸ್ಸಿನ ಖರ್ಚಿದೆ, ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದು. ಮನೆಯವರು ಒಪ್ಪದಿರುವುದರ ಹಿಂದೆ ಹೆಚ್ಚಾಗಿ ಈ ಕಷ್ಟಗಳೇ ಇರುತ್ತವೆ. ಇಲ್ಲಿ ನೆರವಾಗುವವರು ಗ್ರಾಮ ಪಂಚಾಯತಿಯ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಮತ್ತು ತಾಲೂಕು ಮಟ್ಟದ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಅವರು ಮನೆಗೆ ಬಂದು ಕುಳಿತು ಮಾತಾಡಿದರೆ ಅದರ ತೂಕವೇ ಬೇರೆ.

ಐದನೆಯ ಹೆಜ್ಜೆ: ಬಿ.ಐ.ಇ.ಆರ್.ಟಿ., ಪ್ರಮಾಣಪತ್ರ, ಗುರುತಿನ ಚೀಟಿ

ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ ವಿಭಾಗಕ್ಕೆ ಸೇರಿದ ಬಿ.ಐ.ಇ.ಆರ್.ಟಿ.ಗಳು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಇರುತ್ತಾರೆ. ತಾಲೂಕಿನ ಅಷ್ಟೂ ಶಾಲೆಗಳು ಅವರ ಪಾಲಿಗಿರುವುದರಿಂದ ನಿಮ್ಮ ಶಾಲೆಗೆ ಅವರು ಬರುವುದು ಅಪರೂಪವಾಗಬಹುದು. ಬಂದ ದಿನವನ್ನು ವ್ಯರ್ಥ ಮಾಡಬೇಡಿ. ಮಗುವನ್ನು ಅವರ ಬಳಿ ಒಂದು ಗಂಟೆ ಬಿಟ್ಟು ನೀವು ಬೇರೆ ತರಗತಿಗೆ ಹೋದರೆ ಆ ಒಂದು ಗಂಟೆಯಷ್ಟೇ ಉಳಿಯುತ್ತದೆ. ಅವರು ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿ, “ನಾಳೆಯಿಂದ ನಾನು ದಿನಾ ಮಾಡಬಹುದಾದ ಎರಡು ಕೆಲಸ ಹೇಳಿಕೊಡಿ” ಎಂದು ಕೇಳಿದರೆ ತಿಂಗಳಿಡೀ ಉಪಯೋಗ. ಎನ್.ಸಿ.ಇ.ಆರ್.ಟಿ. ರೂಪಿಸಿರುವ ಪ್ರಶಸ್ತ್ ಎಂಬ ತಪಾಸಣಾ ಪಟ್ಟಿ ಆ್ಯಪ್ ರೂಪದಲ್ಲಿಯೂ ಸಿಗುತ್ತದೆ. ಅದರ ಮೊದಲ ಭಾಗವನ್ನು ತರಗತಿ ಶಿಕ್ಷಕರೇ ತುಂಬಬೇಕು. ಅದೊಂದು ಪ್ರಾಥಮಿಕ ಶೋಧನೆ ಮಾತ್ರ. ಅದನ್ನು ರೋಗನಿರ್ಣಯವೆಂದು ತಿಳಿಯಬಾರದು.

ವೈಕಲ್ಯದ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಸ್ವಾವಲಂಬನ್ ಜಾಲತಾಣದ ಮೂಲಕ ಸಲ್ಲುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣೀಕರಣ ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ ಆಗುತ್ತದೆ; ಅಂದರೆ ಒಂದು ಮತ್ತು ಎರಡನೆಯ ತರಗತಿಯ ಮಗುವಿಗೆ ಪ್ರಮಾಣಪತ್ರ ಸಿಗುವುದೇ ಇಲ್ಲ. ಓದು ಕಟ್ಟಿಕೊಳ್ಳುವ ಮುಖ್ಯ ಕಾಲವೂ ಅದೇ ಆಗಿರುವುದರಿಂದ, ಕಾಯಬಾರದು ಎಂದು ಆರಂಭದಲ್ಲಿ ಹೇಳಿದ ಮಾತನ್ನು ಇಲ್ಲಿ ಮತ್ತೆ ನೆನಪಿಸುತ್ತೇನೆ.

ಆರನೆಯ ಹೆಜ್ಜೆ: ಒಂದು ಪುಟದ ಯೋಜನೆ

ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐ.ಇ.ಪಿ., ಎಂದಾಕ್ಷಣ ಹತ್ತು ಕಾಲಂಗಳ ನಮೂನೆ ಕಣ್ಣ ಮುಂದೆ ಬರುತ್ತದೆ. ನಮೂನೆಯನ್ನು ಕಚೇರಿಗಾಗಿ ತುಂಬಿರಿ; ನಿಮ್ಮ ಮೇಜಿನ ಮೇಲೆ ಮಾತ್ರ ಒಂದೇ ಪುಟ ಇರಲಿ. ಮಗು ಈಗ ಏನು ಮಾಡಬಲ್ಲದು, ಮೂರು ತಿಂಗಳಲ್ಲಿ ಏನು ಮಾಡಬೇಕು, ಅದಕ್ಕಾಗಿ ನಾನು ದಿನಾ ಏನು ಮಾಡುತ್ತೇನೆ, ಮನೆಯವರು ಏನು ಮಾಡುತ್ತಾರೆ, ಆಯಿತೆಂದು ಹೇಗೆ ತಿಳಿಯುತ್ತದೆ ಎಂಬ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದ್ದರೆ ಸಾಕು.

ಗುರಿಗಳು ಎರಡು ಅಥವಾ ಮೂರನ್ನು ಮೀರದಿರಲಿ. “ಓದಲು ಕಲಿಯುವುದು” ಎಂಬ ಗುರಿಯನ್ನು ಅಳೆಯಲಾಗದು. “ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಒತ್ತಕ್ಷರವಿಲ್ಲದ ಎರಡು ಮತ್ತು ಮೂರು ಅಕ್ಷರದ ಇಪ್ಪತ್ತು ಪದಗಳನ್ನು ತೋರಿಸಿದರೆ, ಹದಿನಾರನ್ನು ಸಹಾಯವಿಲ್ಲದೆ ಓದುತ್ತಾಳೆ” ಎಂಬುದನ್ನು ಅಳೆಯಬಹುದು. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಊಟದ ತಟ್ಟೆ ತಾನೇ ತೊಳೆಯುವುದು, ಶೌಚಾಲಯಕ್ಕೆ ಹೋಗಬೇಕೆಂದು ಸನ್ನೆ ಮಾಡುವುದು, ಹತ್ತು ರೂಪಾಯಿಯ ನೋಟನ್ನು ಗುರುತಿಸುವುದು ಇವೂ ಶಾಲೆಯ ಗುರಿಗಳೇ. ಪಠ್ಯಪುಸ್ತಕದಲ್ಲಿ ಇಲ್ಲದ ಕಾರಣಕ್ಕೆ ಅವನ್ನು ಕೀಳೆಂದು ಎಣಿಸಬಾರದು.

ಏಳನೆಯ ಹೆಜ್ಜೆ: ತರಗತಿಯೊಳಗಿನ ಬದಲಾವಣೆ

ಒಂದರಿಂದ ಮೂರನೆಯ ತರಗತಿಯ ಶಿಕ್ಷಕರ ಕೈಯಲ್ಲಿ ಈಗಾಗಲೇ ಒಂದು ಒಳ್ಳೆಯ ಸಾಧನವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿಯಿದೆ. ಮಗು ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ, ರಜೆ ಮುಗಿಸಿ ಬಂದರೆ ಬಿಟ್ಟ ಮೈಲಿಗಲ್ಲಿನಿಂದಲೇ ಮುಂದುವರಿಯುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಿಂದ (ಮಕ್ಕಳು ಕೂರುವ ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ) ಸ್ವಕಲಿಕೆಯ ತಟ್ಟೆಯವರೆಗೆ ಇರುವ ಗುಂಪುಗಳನ್ನು ನಿಜವಾಗಿ ಬಳಸಿದರೆ ವಿಶೇಷ ಅಗತ್ಯದ ಮಗುವನ್ನು ಪ್ರತ್ಯೇಕಿಸದೆಯೇ ಅದಕ್ಕೆ ಹೆಚ್ಚಿನ ಸಮಯ ಕೊಡಬಹುದು. ಆದರೆ ಒಂದು ಅಪಾಯವಿದೆ: ಆ ಮಗು ವರ್ಷವಿಡೀ ಶಿಕ್ಷಕರ ಪಕ್ಕದ ತಟ್ಟೆಯಲ್ಲಿಯೇ ಉಳಿದುಬಿಡುವುದು. ವಾರಕ್ಕೆ ಕೆಲವು ಅವಧಿಯಾದರೂ ಅದು ಸಹಪಾಠಿಗಳ ಬೆಂಬಲದ ತಟ್ಟೆಯಲ್ಲಿ ಕೂರುವಂತೆ ಸುಲಭದ ಕಾರ್ಡೊಂದನ್ನು ಆರಿಸಿ ಕೊಡಿ.

ಓದಿನ ತೊಂದರೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ವಿಷಯದ ಹೆಚ್ಚಿನ ಕೈಪಿಡಿಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬಿ ಮತ್ತು ಡಿ ಅಕ್ಷರಗಳನ್ನು ತಿರುಗಿಸಿ ಬರೆಯುವ ಉದಾಹರಣೆ ನಮ್ಮ ತರಗತಿಗೆ ಹೊಂದುವುದಿಲ್ಲ. ಕನ್ನಡದಲ್ಲಿ ತೊಡಕು ಬೇರೆ ಕಡೆ ಇದೆ. ರೂಪದಲ್ಲಿ ಹತ್ತಿರವಿರುವ ಅಕ್ಷರಗಳು ಮೊದಲ ತೊಡಕು: ಮ ಮತ್ತು ಯ, ವ ಮತ್ತು ಪ, ಪ ಮತ್ತು ಷ, ನ ಮತ್ತು ಸ, ರ ಮತ್ತು ಠ, ‘ವು’ ಮತ್ತು ‘ಮ’. ಇಂತಹ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ‘ಮ’ ಗಟ್ಟಿಯಾದ ಮೇಲೆ, ವಾರಗಳ ಅಂತರ ಕೊಟ್ಟು ‘ಯ’ ತನ್ನಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಮಗುವೇ ಬೆರಳಿನಿಂದ ತೋರಿಸಲಿ. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರ ಅಥವಾ ತಟ್ಟೆಯಲ್ಲಿ ಹರಡಿದ ರಾಗಿ ಹಿಟ್ಟಿನ ಮೇಲೆ ಬರೆಸುವುದು ಇದಕ್ಕೆ ಒಳ್ಳೆಯದು.

ಎರಡನೆಯ ತೊಡಕು ಕಾಗುಣಿತದ ಹ್ರಸ್ವ ದೀರ್ಘ. ‘ಕಲು’ ಎಂದು ಬರೆದ ಮಗುವಿಗೆ ಅದು ‘ಕಾಲು’ ಎಂದು ಕೆಂಪು ಗೆರೆ ಎಳೆಯುವ ಮೊದಲು, ಕಿವಿಗೆ ಆ ವ್ಯತ್ಯಾಸ ಕೇಳುತ್ತಿದೆಯೇ ಎಂದು ನೋಡಿ. ‘ದಪಿ, ದಾಪಿ’ ಎಂಬಂತಹ ಅರ್ಥವಿಲ್ಲದ ಜೋಡಿಗಳನ್ನು ಹೇಳಿ, ದೀರ್ಘ ಬಂದಾಗ ಚಪ್ಪಾಳೆ ತಟ್ಟಿಸಿ. ಕಿವಿಯಲ್ಲಿ ಗಟ್ಟಿಯಾದ ಮೇಲೆ ಬರಹಕ್ಕೆ ಬನ್ನಿ.

ಎಲ್ಲಕ್ಕಿಂತ ಕಠಿಣವಾದದ್ದು ಒತ್ತಕ್ಷರ. ‘ಪ್ರೀತಿ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೊದಲು ಕಾಣುವುದು ‘ಪೀ’, ರ ಒತ್ತು ಅದರ ಕೆಳಗಿದೆ. ಬಾಯಿ ಮಾತ್ರ ಪಕಾರ, ರಕಾರ, ಆಮೇಲೆ ಈಕಾರ ಎಂಬ ಕ್ರಮದಲ್ಲಿ ಉಚ್ಚರಿಸಬೇಕು. ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿದ್ದರೂ ಅದರ ಧ್ವನಿ ಒತ್ತಿನ ಬಳಿಕ ಬರುತ್ತದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರೆದರೆ ಇನ್ನೊಂದು ತಿರುವು, ಮೊದಲು ಉಚ್ಚರಿಸುವ ರಕಾರ ಬರಹದಲ್ಲಿ ಕೊನೆಗೆ ಕೂತಿರುತ್ತದೆ. ಕಣ್ಣಿನ ಕ್ರಮ ಮತ್ತು ನಾಲಗೆಯ ಕ್ರಮ ಬೇರೆ ಬೇರೆಯಾಗುವ ಈ ಜಾಗದಲ್ಲಿ ಕಲಿಕಾ ನ್ಯೂನತೆಯ ಮಗು ‘ಪೀತಿ’ ಎಂದು ಓದಿ ಮುಂದೆ ಹೋಗುತ್ತದೆ. ಇದಕ್ಕೆ ಕ್ರಮ ಹೀಗಿರಲಿ: ಮೊದಲು ‘ಅಕ್ಕ, ಅಮ್ಮ, ಅಣ್ಣ, ಅಪ್ಪ’ ಎಂಬಂತಹ ಸಜಾತೀಯ ಒತ್ತುಗಳು, ಅವೂ ಮಗುವಿನ ಬಾಯಲ್ಲಿ ದಿನಾ ಇರುವ ಪದಗಳಲ್ಲಿ. ಅವು ಗಟ್ಟಿಯಾದ ಮೇಲೆ ‘ರಕ್ತ, ಚಕ್ರ’ದಂತಹ ವಿಜಾತೀಯ ಒತ್ತುಗಳು. ಸ್ವರಚಿಹ್ನೆ ಮತ್ತು ಒತ್ತು ಎರಡೂ ಕೂಡಿದವು ಆಮೇಲೆ. ‘ರಾಷ್ಟ್ರ’ದಂತಹ ಎರಡು ಒತ್ತಿನ ಪದಗಳು ಎಲ್ಲದರ ಕೊನೆಗೆ. ಒತ್ತನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದು ದಿನಕ್ಕೆ ಹತ್ತು ನಿಮಿಷ, ಆದರೆ ಪ್ರತಿದಿನ. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದರಿಂದ ಈ ಮಕ್ಕಳಿಗೆ ಆಗುವ ಲಾಭ ಕಡಿಮೆ. ಎಲ್ಲರೆದುರು ಎದ್ದುನಿಂತು ಓದಲು ಹೇಳುವುದನ್ನು ಪೂರ್ತಿಯಾಗಿ ನಿಲ್ಲಿಸಿ. ಓದಿಸಬೇಕೆಂದರೆ ಹಿಂದಿನ ದಿನವೇ ಎರಡು ಸಾಲು ಗುರುತಿಸಿ ಕೊಟ್ಟು ಅಭ್ಯಾಸ ಮಾಡಿಸಿ ಓದಿಸಿ.

ಗಣಿತದಲ್ಲಿ ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಎಂಬ ಕ್ರಮವನ್ನು ಮುರಿಯಬೇಡಿ. ಹುಣಸೆ ಬೀಜ, ಮಣಿಸರ, ಶಾಲೆಯ ಕಪಾಟಿನಲ್ಲಿರುವ ಗಣಿತ ಕಲಿಕಾ ಆಂದೋಲನದ ಕಿಟ್ ಇವೇ ಸಾಕು. ಐದನೆಯ ತರಗತಿಯವನಿಗೆ ಮಣಿ ಎಣಿಸಲು ಸಂಕೋಚವಾದರೆ, ಅಂಗಡಿಯ ಆಟವಾಡಿಸಿ ಚಿಲ್ಲರೆ ಲೆಕ್ಕ ಮಾಡಿಸಿ.

ಶ್ರವಣದೋಷವಿರುವ ಮಗುವಿಗೆ ನಿಮ್ಮ ಮುಖವೂ ಪಾಠದ ಭಾಗ. ಕಪ್ಪು ಹಲಗೆಯ ಕಡೆ ತಿರುಗಿ ಮಾತಾಡುವ ಅಭ್ಯಾಸ ಬಿಡಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ತುಟಿ ಕಪ್ಪಾಗಿ ಕಾಣುತ್ತದೆ. ಶ್ರವಣಸಾಧನ ಹಾಕಿಕೊಂಡಿದ್ದಾನೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಡಿ. ಬೆಳಗ್ಗೆ ಪ್ರಾರ್ಥನೆಯಾದ ಕೂಡಲೇ, ನಿಮ್ಮ ಬಾಯಿಯನ್ನು ಕಾಗದದಿಂದ ಮರೆಮಾಡಿ ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ ಮಗುವಿನಿಂದ ಹೇಳಿಸಿ. ಇದು ಲಿಂಗ್ ಪರೀಕ್ಷೆ ಎಂದು ಹೆಸರಾದ ಕ್ರಮ. ಮಾತಿನ ತಗ್ಗು ಧ್ವನಿಯಿಂದ ಎತ್ತರದ ಧ್ವನಿಯವರೆಗೆ ಎಲ್ಲವೂ ಈ ಆರರಲ್ಲಿ ಬರುತ್ತವೆ. ನಿನ್ನೆ ಹೇಳಿದ ಧ್ವನಿ ಇಂದು ತಪ್ಪಿದರೆ ಬ್ಯಾಟರಿಯನ್ನೋ ಕಿವಿಯಲ್ಲಿನ ಅಚ್ಚನ್ನೋ ನೋಡಬೇಕು. ಅರ್ಧ ನಿಮಿಷದ ಈ ಕೆಲಸ ಇಡೀ ದಿನದ ಪಾಠವನ್ನು ಉಳಿಸುತ್ತದೆ.

ಮಂದದೃಷ್ಟಿಯ ಮಗು ಪಾಠದ ನಡುವೆ ಎದ್ದು ಹಲಗೆಯ ಹತ್ತಿರ ಬಂದು ನೋಡಿಕೊಂಡು ಹೋಗಲು ಶಾಶ್ವತ ಅನುಮತಿ ಕೊಡಿ. ಹಲಗೆಗೆ ಹೊಸದಾಗಿ ಕಪ್ಪು ಬಳಿಸಿ, ಬರೆಯುವುದನ್ನು ಬಾಯಲ್ಲಿ ಹೇಳುತ್ತಾ ಬರೆಯಿರಿ. “ಇಲ್ಲಿ, ಅಲ್ಲಿ, ಇದು” ಎನ್ನುವ ಬದಲು “ಎರಡನೆಯ ಸಾಲಿನ ಮೊದಲ ಪದ” ಎನ್ನಿ. ಪೂರ್ಣ ಅಂಧ ಮಗುವಿಗೆ ಬ್ರೈಲ್ ಕಲಿಸುವವರನ್ನು ಬಿ.ಐ.ಇ.ಆರ್.ಟಿ. ಮೂಲಕ ಗೊತ್ತುಮಾಡುವುದು ತುರ್ತು. ಕೇಳಿ ಕಲಿಯುತ್ತಾನೆ ಎಂದು ಬಿಟ್ಟರೆ ಅವನು ಅಕ್ಷರವಿಲ್ಲದವನಾಗಿಯೇ ಉಳಿಯುತ್ತಾನೆ.

ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದು ತಿಳಿದಿರಬೇಕು. ದಿನದ ಅವಧಿಗಳನ್ನು ಚಿತ್ರಗಳಲ್ಲಿ ಬರೆದು ಮೇಜಿಗೆ ಅಂಟಿಸಿ. ಮುಗಿದದ್ದನ್ನು ಮಗುವೇ ತೆಗೆಯಲಿ. ಗಂಟೆ ಬಾರಿಸುವ ಮುನ್ನ, ಸಭಾ ಕಾರ್ಯಕ್ರಮದ ಧ್ವನಿವರ್ಧಕ ಹಾಕುವ ಮುನ್ನ ತಿಳಿಸಿ. ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಂಡು ಕಿರುಚಿದರೆ ಅದಕ್ಕೆ ಶಿಸ್ತಿನ ಕ್ರಮ ಸಲ್ಲದು. ಶಾಂತವಾದ ಒಂದು ಮೂಲೆ ಮೊದಲೇ ಗೊತ್ತಾಗಿರಲಿ. ಒಂದೆಡೆ ಕೂರಲಾರದ ಚಟುವಟಿಕೆಯ ಮಗುವಿಗೆ ಕೆಲಸವನ್ನು ತುಂಡು ಮಾಡಿ ಕೊಟ್ಟು, ನಡುನಡುವೆ ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಹೇಳಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವುದು) ಇರುವ ಮಗುವಿಗೆ ಕಾಲು ನೆಲಕ್ಕೆ ತಾಗುವಂತಹ ಆಸನ ಸಿಕ್ಕರೆ ಕೈಯ ಬರವಣಿಗೆಯೂ ಸುಧಾರಿಸುತ್ತದೆ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಮಗುವಿನ ಉತ್ತರಕ್ಕೆ ಕಾಯಿರಿ. ಮಾತು ನಿಧಾನವೆಂದರೆ ಬುದ್ಧಿಯೂ ನಿಧಾನವೆಂದು ಅರ್ಥವಲ್ಲ. ಗಾಲಿಕುರ್ಚಿ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ), ಶ್ರವಣಸಾಧನಗಳನ್ನು ತಾಲೂಕು ಮಟ್ಟದ ವೈದ್ಯಕೀಯ ಶಿಬಿರಗಳಲ್ಲಿ ಅಳತೆ ತೆಗೆದು ಕೊಡುತ್ತಾರೆ. ಮಗು ಬೆಳೆಯುತ್ತದೆ, ಅಳತೆ ಬದಲಾಗುತ್ತದೆ. ಹಿಂದಿನ ವರ್ಷ ಕೊಟ್ಟಿದ್ದಾರೆಂದು ಈ ವರ್ಷದ ಶಿಬಿರ ತಪ್ಪಿಸಬೇಡಿ.

ಎಂಟನೆಯ ಹೆಜ್ಜೆ: ಸಹಪಾಠಿಗಳು, ಊಟ, ತುರ್ತು ಸಂದರ್ಭ

‘ಕುಂಟ, ಕಿವುಡ, ಮೂಗ’ ಎಂಬ ಅಡ್ಡಹೆಸರುಗಳು ತರಗತಿಯಲ್ಲಿ ಹುಟ್ಟುವುದಕ್ಕಿಂತ ಊರಿನಲ್ಲಿ ಹುಟ್ಟಿ ತರಗತಿಗೆ ಬರುವುದೇ ಹೆಚ್ಚು. ಶಿಕ್ಷಕರ ಕೊಠಡಿಯಲ್ಲಿಯೂ ಆ ಹೆಸರುಗಳು ಕೇಳಿಬಂದರೆ ಮಕ್ಕಳಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಜೊತೆಗಾರರನ್ನು ನೇಮಿಸುವಾಗ ಒಬ್ಬಳೇ ಒಳ್ಳೆಯ ಹುಡುಗಿಯ ಮೇಲೆ ವರ್ಷದ ಹೊಣೆ ಹಾಕಬೇಡಿ. ವಾರಕ್ಕೊಬ್ಬರು ಬದಲಾಗಲಿ, ವಿಶೇಷ ಅಗತ್ಯದ ಮಗುವಿಗೂ ಇನ್ನೊಬ್ಬರಿಗೆ ನೆರವಾಗುವ ಸರದಿ ಬರಲಿ.

ನುಂಗಲು ಕಷ್ಟಪಡುವ ಮಗುವಿಗೆ ಬಿಸಿಯೂಟದ ಅನ್ನ ಸಾರನ್ನು ಚೆನ್ನಾಗಿ ಕಲಸಿ ಮೆತ್ತಗೆ ಮಾಡಿ, ನೇರವಾಗಿ ಕೂರಿಸಿ ಉಣ್ಣಿಸಬೇಕು. ತಲೆ ಹಿಂದಕ್ಕೆ ಬಾಗಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಅಡುಗೆಯ ಸಿಬ್ಬಂದಿಗೂ ಇದನ್ನು ತೋರಿಸಿಕೊಡಿ. ಸಿಕಲ್ ಸೆಲ್ ರಕ್ತಹೀನತೆಯ ಮಗುವಿಗೆ ಪಾಠದ ನಡುವೆಯೂ ನೀರು ಕುಡಿಯಲು ಬಿಡಿ. ಬಿಸಿಲಿನಲ್ಲಿ ಕವಾಯತಿಗೆ ನಿಲ್ಲಿಸಬೇಡಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತಲಿನ ಬೆಂಚುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಕೈಕಾಲು ಒತ್ತಿ ಹಿಡಿಯದೆ, ಸೆಳೆತ ನಿಂತ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಗಡಿಯಾರ ನೋಡಿಕೊಳ್ಳಿ, ಐದು ನಿಮಿಷ ಮೀರಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

ಒಂಬತ್ತನೆಯ ಹೆಜ್ಜೆ: ಪರೀಕ್ಷೆ

ಪರೀಕ್ಷೆಯ ಹೊಂದಾಣಿಕೆಯನ್ನು ದಯೆಯೆಂದು ಎಣಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇತಿಹಾಸದ ತಿಳಿವಳಿಕೆಯನ್ನು ಅಳೆಯುವ ಪ್ರಶ್ನೆಪತ್ರಿಕೆಯಲ್ಲಿ ಬೆರಳಿನ ವೇಗಕ್ಕೆ ಅಂಕ ಕಡಿಮೆಯಾಗುವುದೇ ಅನ್ಯಾಯ ಎಂದು ನಾನು ಭಾವಿಸುತ್ತೇನೆ. 2016ರ ಅಧಿನಿಯಮದ 17ನೆಯ ಕಲಮು ಹೆಚ್ಚುವರಿ ಸಮಯ, ಲಿಪಿಕಾರರ (ಹೇಳಿದ್ದನ್ನು ಬರೆದುಕೊಡುವವರ) ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಸಿಯೇ ಹೇಳಿದೆ. 2018ರ ಕೇಂದ್ರ ಮಾರ್ಗಸೂಚಿಯಂತೆ ಲಿಖಿತ ಪರೀಕ್ಷೆಯ ಹೆಚ್ಚುವರಿ ಕಾಲ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ಎಸ್.ಎಸ್.ಎಲ್.ಸಿ.ಗೆ ಈ ಸೌಲಭ್ಯಗಳನ್ನು ಮುಖ್ಯ ಶಿಕ್ಷಕರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ದಾಖಲೆಗಳೊಡನೆ ಕೇಳಬೇಕು. ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಓಡಾಡುವ ಬದಲು ಎಂಟನೆಯ ತರಗತಿಯಲ್ಲಿಯೇ ಪ್ರಮಾಣಪತ್ರ ಮಾಡಿಸಿಡಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಮರೆಯುತ್ತಾರೆ: ಲಿಪಿಕಾರರಿಗೆ ಹೇಳಿ ಬರೆಸುವುದು ತಾನೇ ಒಂದು ಕೌಶಲ. ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಬಿಡಿಬಿಡಿಯಾಗಿ ಹೇಳಿ, ಬರೆದದ್ದನ್ನು ಓದಿಸಿಕೊಂಡು ತಿದ್ದಿಸಬೇಕು. ಏಳು, ಎಂಟನೆಯ ತರಗತಿಯ ಕಿರುಪರೀಕ್ಷೆಗಳಲ್ಲಿಯೇ ಇದರ ಅಭ್ಯಾಸವಾಗದಿದ್ದರೆ ಅಂತಿಮ ಪರೀಕ್ಷೆಯಲ್ಲಿ ಆ ನೆರವು ಅರ್ಧ ವ್ಯರ್ಥ.

ಹತ್ತನೆಯ ಹೆಜ್ಜೆ: ಶಾಲೆಗೆ ಬರಲಾಗದ ಮಗು, ಉತ್ತರ ಸಿಗದ ಅರ್ಜಿ

ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ಕಾನೂನಿನಲ್ಲಿದೆ. ಅದು ಪೋಷಕರ ಆಯ್ಕೆಯಾಗಿರಬೇಕು. ಶೌಚಾಲಯ ಸರಿಯಿಲ್ಲದ ಕಾರಣಕ್ಕೆ ಶಾಲೆಯೇ ಮಗುವನ್ನು ಮನೆಗೆ ಕಳಿಸುವ ದಾರಿಯಾಗಬಾರದು. ಮನೆಯಲ್ಲಿ ಕಲಿಯುತ್ತಿದ್ದರೂ ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಸ್ವಾತಂತ್ರ್ಯ ದಿನಾಚರಣೆಗೆ, ಪ್ರತಿಭಾ ಕಾರಂಜಿಗೆ ಕರೆತನ್ನಿ. ತಿಂಗಳಿಗೊಮ್ಮೆ ನಾಲ್ಕೈದು ಸಹಪಾಠಿಗಳು ಆ ಮನೆಗೆ ಹೋಗಿ ಆಡಿ ಬರಲಿ.

ಶಾಲೆಯ ಮಟ್ಟದಲ್ಲಿ ಪರಿಹಾರವಾಗದ ವಿಷಯವನ್ನು ಲಿಖಿತವಾಗಿ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. 2016ರ ಅಧಿನಿಯಮದಡಿ ಬಂದ 2017ರ ನಿಯಮಗಳ ಪ್ರಕಾರ ವಿಕಲಚೇತನ ಮಕ್ಕಳ ದಾಖಲಾತಿಗೆ ಸಂಬಂಧಿಸಿದ ವಿಷಯಗಳಿಗೆ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ನೋಡಲ್ ಅಧಿಕಾರಿ ಇರಬೇಕು. ಅಲ್ಲಿಯೂ ಆಗದಿದ್ದರೆ ಪೋಷಕರು ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಅರ್ಜಿ ಬರೆಯಲು ಬಾರದ ಪೋಷಕರಿಗೆ ಅದನ್ನು ಬರೆದುಕೊಡುವುದರಲ್ಲಿ ಶಿಕ್ಷಕರಿಗೆ ಹಿಂಜರಿಕೆ ಬೇಡ.

ಹನ್ನೊಂದನೆಯ ಹೆಜ್ಜೆ: ಮುಂದಿನ ಶಿಕ್ಷಕರ ಕೈಗೆ

ಮೂರು ತಿಂಗಳಿಗೊಮ್ಮೆ ಆ ಒಂದು ಪುಟವನ್ನು ತೆರೆದು, ಆದದ್ದನ್ನು ದಿನಾಂಕ ಹಾಕಿ ಗುರುತಿಸಿ. ಆಗದ ಗುರಿಯ ಮುಂದೆ ಮಗುವಿನ ತಪ್ಪು ಬರೆಯುವ ಮೊದಲು, ದಿನಾ ಹತ್ತು ನಿಮಿಷ ಎಂದುಕೊಂಡದ್ದು ನಿಜವಾಗಿ ಎಷ್ಟು ದಿನ ನಡೆಯಿತು ಎಂದು ಎಣಿಸಿ. ಬಹುಮಟ್ಟಿಗೆ ಕಾರಣ ಅಲ್ಲಿಯೇ ಸಿಗುತ್ತದೆ.

ಮಗು ಐದನೆಯ ಅಥವಾ ಏಳನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರದ ಜೊತೆ ಈ ಕೆಲಸವೂ ಹೋಗಬೇಕು. ಇಲ್ಲದಿದ್ದರೆ ಹೊಸ ಶಿಕ್ಷಕರು ಎರಡು ವಾರದ ಗಮನಿಕೆಯಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಎಲ್ಲಿ ಕೂತರೆ ಹಲಗೆ ಕಾಣುತ್ತದೆ, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಸಿಟ್ಟು ಬಂದಾಗ ಏನು ಮಾಡಿದರೆ ಶಾಂತವಾಗುತ್ತದೆ, ಯಾವ ಒತ್ತಕ್ಷರದವರೆಗೆ ಓದು ಬಂದಿದೆ, ಯಾವ ಆಟ ಇಷ್ಟ, ಮನೆಯಲ್ಲಿ ಯಾರ ಜೊತೆ ಮಾತಾಡಿದರೆ ಕೆಲಸವಾಗುತ್ತದೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಮನೆಯವರ ಒಪ್ಪಿಗೆ ಪಡೆದು, ಐ.ಇ.ಪಿ.ಯ ಪ್ರತಿಯೊಡನೆ ಲಕೋಟೆಯಲ್ಲಿಟ್ಟು ತಾಯಿಯ ಕೈಗೇ ಕೊಡಿ. ಜೂನ್ ಮೊದಲ ವಾರ ಹೊಸ ಶಾಲೆಯ ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ, ಆ ಲಕೋಟೆ ತಲುಪಿತೇ ಎಂದು ಕೇಳಿ.